ಬೆರಳ ಲೆಕ್ಕ, ಎಳ್ಳಿನ ಲೆಕ್ಕ

ನಮ್ಮಜ್ಜನ ಕೇಪಿನ ಕೋವಿಗೆ ಈಡಿನ ಅಳತೆ ಬೆರಳಿನಲ್ಲಿತ್ತು. ನಳಿಗೆಯೊಳಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗುಂಡೋ ಚರೆಯೋ ಹಾಕಿ, ಮೇಲೆ ಮತ್ತಷ್ಟು ನಾರು ಇಟ್ಟು ಕಬ್ಬಿಣದ ಸರಳಿನಿಂದ ಜಡಿಯುವುದು. ಸರಳು ನಳಿಗೆಯ ಬಾಯಿಂದ ಎಷ್ಟು ಬೆರಳು ಹೊರಗೆ ಉಳಿಯಿತೋ ಅಷ್ಟು ಬೆರಳಿನ ಈಡು. ಕಾಡುಕೋಳಿಗಿಷ್ಟು, ಹಂದಿಗಿಷ್ಟು. ಮಲೆನಾಡಿನ ಪೊದೆಕಾಡಿನಲ್ಲಿ ಮೂವತ್ತು ಗಜ ದಾಟಿ ಏನೂ ಕಾಣುವುದಿಲ್ಲವಾದ್ದರಿಂದ ಅದಕ್ಕಿಂತ ಸೂಕ್ಷ್ಮ ಯಾರಿಗೂ ಬೇಕಿರಲಿಲ್ಲ.

ಬೇಕಿತ್ತು ಎಂದು ಗೊತ್ತಾದದ್ದು ಒಂದು ಸಲ. ಅರವತ್ತರ ದಶಕದ ಮಾತು, ಬೇಟೆ ನಿಷೇಧ ಬರುವುದಕ್ಕೆ ಮುಂಚೆ. ಮಳೆಗಾಲದ ಕೊನೆ, ಮದ್ದಿಗೆ ತೇವ ಹಿಡಿದಿತ್ತೋ ಏನೋ, ಅಜ್ಜ ಹೊಡೆದ ಈಡು ಹಂದಿಗೆ ತಾಗಿತು, ಆದರೆ ಕೆಡವಲಿಲ್ಲ. ಗಾಯಗೊಂಡ ಹಂದಿ ತಿರುಗಿ ನುಗ್ಗಿ, ಸೋವಿಗೆ ಬಂದಿದ್ದ ಪಕ್ಕದ ಮನೆಯವರ ತೊಡೆ ಸೀಳಿತು. ಅವರು ಬದುಕಿದರು, ಆದರೆ ಕೊನೆಯವರೆಗೂ ಕುಂಟುತ್ತಲೇ ನಡೆದರು. ಹಂದಿ ಸಿಗಲೇ ಇಲ್ಲ. ಆಮೇಲೆ ಅಜ್ಜ ಕೋವಿ ಇಳಿಸುತ್ತಿದ್ದದ್ದು ಆಯುಧಪೂಜೆಗೆ ಮಾತ್ರ. ನನಗೆ ಈ ಕತೆ ಹೇಳಿದ್ದು ಅಪ್ಪ. ಅಜ್ಜ ಅದರ ಬಗ್ಗೆ ಮಾತೇ ಆಡುತ್ತಿರಲಿಲ್ಲ.

ಈಗ ಪುಣೆಯಲ್ಲಿ ಕೂತು ಇದೆಲ್ಲ ನೆನಪಾಗಲು ಕಾರಣ ಕಂಪನಿಯ ಕೆಲಸದ ಮೇಲೆ ಅಮೆರಿಕದ ಡೆನ್ವರಿನಲ್ಲಿ ಕಳೆದ ಒಂದೂವರೆ ವರ್ಷ. ಅಲ್ಲಿ ನನ್ನ ಪಕ್ಕದ ಮೇಜಿನ ಸಹೋದ್ಯೋಗಿ ತನ್ನ ಗ್ಯಾರೇಜಿನಲ್ಲಿ ತೋಟಾ ತಾನೇ ತಯಾರಿಸುತ್ತಿದ್ದ. ಕೊಲರಾಡೊದಲ್ಲಿ ಶರತ್ಕಾಲ ಬಂತೆಂದರೆ ಎಲ್ಕ್ ಬೇಟೆಯ ಕಾಲ. ಎಲ್ಕ್ ಎಂದರೆ ನಮ್ಮ ಕಡವೆಯ ಜಾತಿಯದೇ, ಗಾತ್ರದಲ್ಲಿ ಇನ್ನೂ ದೊಡ್ಡದು. ಗಂಡು ಮುನ್ನೂರು ಕಿಲೋ ದಾಟುತ್ತದೆ. ಅಲ್ಲಿ ಬೇಟೆ ಕಾನೂನುಬದ್ಧ, ಆದರೆ ಬೇಕಾಬಿಟ್ಟಿಯಲ್ಲ. ಪರವಾನಗಿ ಬೇಕು, ಮೈಮೇಲೆ ಕನಿಷ್ಠ 500 ಚದರ ಇಂಚು ಕಣ್ಣು ಕುಕ್ಕುವ ಕಿತ್ತಳೆ ಇಲ್ಲವೇ ಗುಲಾಬಿ ಬಣ್ಣ ಇರಬೇಕು, ಎಲ್ಕ್‌ಗೆ ಹೊಡೆಯುವ ಗುಂಡು 85 ಗ್ರೇನಿಗಿಂತ ಹಗುರವಿರಬಾರದು.

ಗ್ರೇನ್ ಎಂಬುದು ಹಳೆಯ ಕಾಳಿನ ತೂಕ. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನಿಗೆ ಸುಮಾರು 65 ಮಿಲಿಗ್ರಾಂ. ಈ ಮನುಷ್ಯ ಮದ್ದನ್ನು ಗ್ರೇನಿನ ಹತ್ತನೇ ಒಂದು ಭಾಗದವರೆಗೆ ತೂಗುತ್ತಿದ್ದ. ಅದು ಹೆಚ್ಚುಕಡಿಮೆ ಎರಡು ಎಳ್ಳಿನಷ್ಟು! ಅಜ್ಜನ ನಾಲ್ಕು ಬೆರಳು ನೆನಪಾಗಿ ನನಗೆ ನಗು ಬಂತು. ಅವನು ನಗಲಿಲ್ಲ. ಒಂದು ಸ್ಟೂಲು ಎಳೆದು ಕೂರಿಸಿ ಪಾಠ ಶುರು ಮಾಡಿದ.

ತೋಟಾದಲ್ಲಿ ಇರುವುದು ನಾಲ್ಕೇ ಸಾಮಾನು: ಹಿತ್ತಾಳೆಯ ಖೋಲು, ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಗುಂಡು. ಖೋಲನ್ನು ಮತ್ತೆ ಮತ್ತೆ ಬಳಸಬಹುದು. ಆದರೆ ಪ್ರತಿ ಸಲ ಹಿಗ್ಗಿ ಕುಗ್ಗಿ ಅದರ ಕತ್ತು ಗಡುಸಾಗುತ್ತದೆ, ಗುಂಡನ್ನು ಒಂದೊಂದು ಖೋಲು ಒಂದೊಂದು ಬಿಗಿಯಲ್ಲಿ ಹಿಡಿಯತೊಡಗುತ್ತದೆ. ಅದಕ್ಕೆ ಕತ್ತನ್ನು ಕಾಯಿಸಿ ಮೆದು ಮಾಡುತ್ತಾರೆ. ನಮ್ಮೂರಿನ ಕಂಚುಗಾರರು ಬಡಿದು ಬಡಿದು ಗಡುಸಾದ ತಂಬಿಗೆಯನ್ನು ಮತ್ತೆ ಬೆಂಕಿಗೆ ಹಿಡಿಯುತ್ತಿದ್ದರಲ್ಲ, ಅದೇ ವಿದ್ಯೆ.

ಮದ್ದಿನ ಅಳತೆ ಅವನ ಸ್ವಂತದ್ದಲ್ಲ. ತಯಾರಕರ ಕೈಪಿಡಿಯಲ್ಲಿ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಇರುತ್ತದೆ. ಕೆಳಗಿನಿಂದ ಹೊರಟು ಸ್ವಲ್ಪ ಸ್ವಲ್ಪವೇ ಏರಿಸಬೇಕು, ಗರಿಷ್ಠ ದಾಟುವ ಹಾಗಿಲ್ಲ. ಅವನ .308 ವಿಂಚೆಸ್ಟರ್ ತೋಟಾಕ್ಕೆ ಅಲ್ಲಿನ ಉದ್ಯಮ ನಿಗದಿ ಮಾಡಿರುವ ಗರಿಷ್ಠ ಒತ್ತಡ 62,000 ಪಿಎಸ್‌ಐ. ನಿಮ್ಮ ಕಾರಿನ ಟಯರಿನಲ್ಲಿ ಇರುವುದು ಮೂವತ್ತು ಚಿಲ್ಲರೆ. ಕೆನ್ನೆ ಒತ್ತಿಕೊಂಡಿರುವ ಜಾಗದಿಂದ ಒಂದು ಗೇಣು ದೂರದಲ್ಲಿ ಅಷ್ಟು ಒತ್ತಡ ಎಂದಾಗ ಎಳ್ಳಿನ ಲೆಕ್ಕ ನನಗೂ ಹಾಸ್ಯ ಅನಿಸಲಿಲ್ಲ.

ಎಳ್ಳು ದೂರಕ್ಕೂ ಬೇಕು. ಎರಡು ತೋಟಾಗಳ ವೇಗದಲ್ಲಿ ಸೆಕೆಂಡಿಗೆ ಇಪ್ಪತ್ತು ಅಡಿ ವ್ಯತ್ಯಾಸವಿದ್ದರೆ ನೂರು ಗಜದ ಗುರಿಯಲ್ಲಿ ಅದು ಕಾಣುವುದೇ ಇಲ್ಲ. ಆರುನೂರು ಗಜದಲ್ಲಿ ಒಂದು ಗುಂಡು ಇನ್ನೊಂದಕ್ಕಿಂತ ಸುಮಾರು ಎರಡು ಇಂಚು ಕೆಳಗೆ ಬೀಳುತ್ತದೆ. ಹಾಗಾಗಿ ವೇಗ ಅಳೆಯುವ ಯಂತ್ರ, ಗುಂಡನ್ನು ಖೋಲಿನಲ್ಲಿ ಎಷ್ಟು ಆಳಕ್ಕೆ ಕೂರಿಸಬೇಕೆಂದು ಇಂಚಿನ ಸಾವಿರದ ಭಾಗದಲ್ಲಿ ನೋಡುವ ಅಳತೆಗೋಲು, ಎಲ್ಲ ಅವನ ಬಳಿ ಇದ್ದವು. ಮದ್ದಿನ ಗುಣವೂ ಹವೆಗೆ ತಕ್ಕಂತೆ ಬದಲಾಗುತ್ತದೆ. ಜುಲೈ ಬಿಸಿಲಿನಲ್ಲಿ ಹೊಂದಿಸಿದ ಈಡು ನವೆಂಬರಿನ ಹಿಮದಲ್ಲಿ ವೇಗ ಕಳೆದುಕೊಳ್ಳುತ್ತದೆ. ಅದಕ್ಕೆಂದೇ ತಾಪಕ್ಕೆ ಅಷ್ಟಾಗಿ ಬಗ್ಗದ ಮದ್ದುಗಳು ಬಂದಿವೆ. ಅವನು ಬಳಸುತ್ತಿದ್ದ ವಾರ್ಗೆಟ್ ತಯಾರಾಗುವುದು ಆಸ್ಟ್ರೇಲಿಯಾದಲ್ಲಿ.

ಆ ಬೇಸಿಗೆ ಅವನು ಎಂಟು ಬಗೆಯ ಅಳತೆಯಲ್ಲಿ ಮೂರು ಮೂರು ತೋಟಾ ಮಾಡಿ ನೂರು ಗಜದಲ್ಲಿ ಹೊಡೆದ. ಒಂದು ಅಳತೆಯ ಮೂರೂ ಗುಂಡು ಅರ್ಧ ಇಂಚಿನೊಳಗೆ ಬಿದ್ದವು. ಸಿಕ್ಕಿತು ಎಂದು ಕುಣಿದಾಡಿಬಿಟ್ಟ. ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವನು. ಮೂರು ಸಲ ಸರಿಹೋದದ್ದನ್ನು ಸರಿ ಎಂದು ಸಹಿ ಹಾಕುವ ಅಭ್ಯಾಸವಿಲ್ಲ. ಅದೇ ಅಳತೆಯಲ್ಲಿ ಇನ್ನೊಂದು ಹತ್ತು ಹೊಡೆದು ನೋಡು ಎಂದೆ. ಹತ್ತೂ ಸೇರಿ ಒಂದೂಕಾಲು ಇಂಚಿಗೆ ಹರಡಿದವು. ಪಕ್ಕದ ಅಳತೆಯ ಹತ್ತು ಹೊಡೆದಾಗಲೂ ಅಷ್ಟೇ. ಮೊದಲ ಮೂರು ಹತ್ತಿರ ಬಿದ್ದದ್ದು ಬರೀ ಅದೃಷ್ಟ. ಎರಡು ದಿನ ಅವನು ನನ್ನ ಜೊತೆ ಕಾಫಿಗೆ ಬರಲಿಲ್ಲ. ಮೂರನೆಯ ದಿನ ಬಂದು, ಇಷ್ಟು ವರ್ಷ ಹಾಳೆಗಳಲ್ಲಿ ಬರೆದಿಟ್ಟದ್ದೆಲ್ಲ ಮತ್ತೆ ನೋಡಬೇಕು ಎಂದ.

ನೂರು ಗಜದಲ್ಲಿ ಒಂದೂಕಾಲು ಇಂಚು ಎಂದರೆ ಐನೂರರಲ್ಲಿ ಆರಿಂಚಿನ ಮೇಲೆ. ಎಲ್ಕ್‌ನ ಎದೆಗೂಡು ಊಟದ ತಟ್ಟೆಗಿಂತ ದೊಡ್ಡದು, ಆದ್ದರಿಂದ ಸಾಕಲ್ಲ ಎಂದೆ. ಗಾಳಿ ಇಲ್ಲದಿದ್ದರೆ ಸಾಕು ಎಂದ. ಗಂಟೆಗೆ ಹದಿನಾರು ಕಿಲೋಮೀಟರಿನ ಅಡ್ಡಗಾಳಿ ಐನೂರು ಗಜದಲ್ಲಿ ಅವನ ಗುಂಡನ್ನು ಸುಮಾರು ಒಂದೂವರೆ ಅಡಿ ತಳ್ಳುತ್ತದೆ. ಅಳೆಯುವುದಾದರೂ ತಾನು ನಿಂತಲ್ಲಿನ ಗಾಳಿಯನ್ನು. ಕಣಿವೆಯ ಆಚೆ ಅದು ಅರ್ಧವೂ ಇರಬಹುದು, ಎರಡರಷ್ಟೂ ಇರಬಹುದು. ಗುಂಡು ತಲುಪಲು ಮುಕ್ಕಾಲು ಸೆಕೆಂಡಿಗೆ ತುಸು ಕಡಿಮೆ ಬೇಕು. ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಅದೂ ಅಲ್ಲದೆ ಬೇಟೆಯ ಗುಂಡು ಒಳಗೆ ಅರಳಬೇಕಾದರೆ ಅದಕ್ಕೊಂದು ಕನಿಷ್ಠ ವೇಗ ಉಳಿದಿರಬೇಕು. ಅನೇಕ ಗುಂಡುಗಳಿಗೆ ಅದು ಸೆಕೆಂಡಿಗೆ 1,800 ಅಡಿಯ ಆಸುಪಾಸು. ಇಲ್ಲದಿದ್ದರೆ ಸೂಜಿಯ ಹಾಗೆ ಹಾದುಹೋಗುತ್ತದೆ, ಪ್ರಾಣಿ ಮೈಲುಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ.

ಅಲ್ಲಿನ ಬೇಟೆಗಾರರಲ್ಲೂ ಈ ಬಗ್ಗೆ ಜಗಳವಿದೆ. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್, ಪ್ರಾಣಿಗೆ ನಮ್ಮ ಸುಳಿವೇ ಹತ್ತದಷ್ಟು ದೂರದಿಂದ ಹೊಡೆಯುವುದನ್ನು ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಕ್ಲಬ್ಬಿನ ಮಾತೇ ಸರಿ. ಕಾಗದದ ಗುರಿಗೆ ಸಾವಿರ ಗಜದಿಂದ ಹೊಡೆಯಲಿ, ಕಾಗದ ನರಳುವುದಿಲ್ಲ.

ಇಲ್ಲಿಗೆ ಬಂದರೆ ಮಾತೇ ಬೇರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದೀಚೆಗೆ ಹವ್ಯಾಸದ ಬೇಟೆ ಇಲ್ಲ, ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಇರಬೇಕಾದದ್ದೇ. ಕೊಡಗಿನವರ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುರಿ ಇಡುತ್ತಾರೆ, ಇತ್ತ ಪುಣೆಯ ಬಾಳೇವಾಡಿಯ ಶೂಟಿಂಗ್ ರೇಂಜಿನಲ್ಲಿ ಹುಡುಗ ಹುಡುಗಿಯರು ಐವತ್ತು ಮೀಟರಿನಲ್ಲಿ 10.4 ಮಿಲಿಮೀಟರಿನ ಹತ್ತನೆಯ ವೃತ್ತಕ್ಕೆ ಹೊಡೆಯುತ್ತಾರೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದದ್ದು ಅದೇ ಐವತ್ತು ಮೀಟರಿನಲ್ಲಿ. ಆ ತೋಟಾಗಳನ್ನು ಮನೆಯಲ್ಲಿ ತುಂಬುವುದಿಲ್ಲ. ಕಾರ್ಖಾನೆಯ ಬೇರೆ ಬೇರೆ ಲಾಟಿನವನ್ನು ಹೊಡೆದು ನೋಡಿ, ತಮ್ಮ ನಳಿಗೆಗೆ ಒಗ್ಗುವ ಲಾಟನ್ನು ಆರಿಸಿಕೊಳ್ಳುತ್ತಾರೆ.

ಸಹೋದ್ಯೋಗಿಯ ಬೇಟೆ ಏನಾಯಿತು ಎಂದು ಕೇಳುತ್ತೀರಿ. ಮೂರನೆಯ ದಿನ ಐನೂರ ನಲವತ್ತು ಗಜದಲ್ಲಿ ದೊಡ್ಡ ಗಂಡು ಕಂಡಿತಂತೆ. ಕಣಿವೆಯ ಆಚೆಯ ಹುಲ್ಲು ಒಂದು ಕಡೆಗೆ ಬಾಗುತ್ತಿತ್ತು, ಇವನ ಕಾಲ ಬಳಿಯ ಹುಲ್ಲು ಇನ್ನೊಂದು ಕಡೆಗೆ. ಹತ್ತು ನಿಮಿಷ ದುರ್ಬೀನಿನಲ್ಲಿ ನೋಡಿ ಎದ್ದು ಬಂದನಂತೆ. ಐದನೆಯ ದಿನ ಒಂದು ಹೆಣ್ಣು ಎಲ್ಕ್ ತಾನಾಗಿ ನೂರ ನಲವತ್ತು ಗಜಕ್ಕೆ ಬಂತು. ಅಷ್ಟಕ್ಕೆ ಅಂಗಡಿಯ ತೋಟಾ ಸಾಕಿತ್ತು ಎಂದು ಅವನೇ ಹೇಳಿದ.

ನಾನು ಹೊರಡುವಾಗ ಆ ಖಾಲಿ ಖೋಲನ್ನು ನೆನಪಿಗೆಂದು ಕೊಟ್ಟ. ಖಾಲಿ ಖೋಲೇ ಆದರೂ ವಿಮಾನ ನಿಲ್ದಾಣದಲ್ಲಿ ಉತ್ತರ ಹೇಳುತ್ತ ಕೂರುವುದು ಯಾರಿಗೆ ಬೇಕು? ಅವನ ಮೇಜಿನ ಮೇಲೆಯೇ ಇಟ್ಟು ಬಂದೆ.