ನಂಜೇರಿದಾಗ ರಕ್ತ ಹೇಳುವುದೆಷ್ಟು?

ವಯಸ್ಸಾದವರು ಜ್ವರದ ನಡುವೆ ಹೊತ್ತುಗೊತ್ತಿಲ್ಲದೆ ಮಾತನಾಡತೊಡಗಿದರೆ, ಮನೆಮಂದಿಯ ಗುರುತು ಹಿಡಿಯದಿದ್ದರೆ, ಅದನ್ನು ಅರಳುಮರಳೆಂದು ತಳ್ಳಿಹಾಕುವುದು ನಮ್ಮಲ್ಲಿ ರೂಢಿ. ಆದರೆ ಒಂದೆರಡು ದಿನಗಳಲ್ಲಿ ಹಠಾತ್ತನೆ ಕವಿದ ಮಂಕು ಸೆಪ್ಸಿಸ್‌ನ ಮೊದಲ ಕುರುಹಾಗಿರಬಹುದು. ಶ್ವಾಸಕೋಶದಲ್ಲೋ ಮೂತ್ರನಾಳದಲ್ಲೋ ಹುಟ್ಟಿದ ಸೋಂಕನ್ನು ಎದುರಿಸುವ ಭರದಲ್ಲಿ ದೇಹದ ಪ್ರತಿಕ್ರಿಯೆಯೇ ಹದತಪ್ಪಿ, ತನ್ನ ಅಂಗಾಂಗಗಳನ್ನು ತಾನೇ ಘಾಸಿಗೊಳಿಸುವ ಸ್ಥಿತಿಯಿದು. ರೋಗಾಣು ಮಿದುಳನ್ನು ತಲುಪದಿದ್ದರೂ ಮಿದುಳು ಕೆಡಬಲ್ಲದೆಂಬುದೇ ಇಲ್ಲಿಯ ವಿಚಿತ್ರ.

ಆಸ್ಪತ್ರೆಯ ವರದಿಗಳಲ್ಲಿ ಕಾಣಸಿಗುವ ಸಿ.ಆರ್.ಪಿ. ಉರಿಯೂತದ ಹಳೆಯ ಅಳತೆಗೋಲು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ಇಂಟರ್‌ಲ್ಯೂಕಿನ್-6 ಎಂಬ ದೂತ ಸುದ್ದಿ ಮುಟ್ಟಿಸಿದೊಡನೆ ಯಕೃತ್ತು ಇದನ್ನು ತಯಾರಿಸತೊಡಗುತ್ತದೆ. ಏರಿಕೆ ತುತ್ತತುದಿ ಮುಟ್ಟಲು ಸುಮಾರು ಎರಡು ದಿನ ಬೇಕು. ಸಂಧಿವಾತಕ್ಕೂ ಶಸ್ತ್ರಚಿಕಿತ್ಸೆಗೂ ಇದು ಏರುವುದುಂಟು. ಪ್ರೊಕ್ಯಾಲ್ಸಿಟೋನಿನ್ ತುಸು ವಿವೇಚನೆಯುಳ್ಳದ್ದು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಕೆಲವೇ ತಾಸುಗಳಲ್ಲಿ ಏರಿ, ಸೋಂಕು ಹಿಡಿತಕ್ಕೆ ಬಂದರೆ ದಿನಕ್ಕೆ ಸುಮಾರು ಅರ್ಧದಷ್ಟು ಇಳಿಯುತ್ತದೆ. ಆಂಟಿಬಯಾಟಿಕ್ ಯಾವಾಗ ನಿಲ್ಲಿಸಬಹುದೆಂದು ನಿರ್ಧರಿಸಲು ವೈದ್ಯರಿಗೆ ಈ ಇಳಿಕೆ ನೆರವಾಗುತ್ತದೆ. ಲೆಡ್ಜರುಗಳೊಡನೆಯೇ ತಲೆ ನರೆತ ನಮಗೆ ಇದು ಹೊಸ ಪಾಠವಲ್ಲ: ಒಂದು ದಿನದ ಶಿಲ್ಕಿಗಿಂತ ಏರಿಳಿತವೇ ಖಾತೆಯ ನಿಜಸ್ಥಿತಿಯನ್ನು ತಿಳಿಸುತ್ತದೆ.

ಇವೆರಡೂ ಮಿದುಳಿನ ಬಗೆಗೆ ಏನನ್ನೂ ಹೇಳವು. ರಕ್ತಕ್ಕೂ ಮಿದುಳಿಗೂ ನಡುವೆ ಸೂಕ್ಷ್ಮವಾದೊಂದು ತಡೆಗೋಡೆಯಿದೆ. ಉರಿಯೂತದಿಂದ ಅದು ಸೋರತೊಡಗಿದಾಗ ಹೊರಗಿನ ರಾಸಾಯನಿಕಗಳು ಒಳನುಗ್ಗುತ್ತವೆ, ಮಿದುಳಿನ ಪ್ರೋಟೀನುಗಳು ಹೊರಬೀಳುತ್ತವೆ. ನರಕೋಶಗಳಿಗೆ ಆಸರೆಯಾದ ನಕ್ಷತ್ರಾಕಾರದ ಕೋಶಗಳಿಂದ ಎಸ್100ಬಿ, ಸ್ವತಃ ನರಕೋಶಗಳಿಂದ ಎನ್.ಎಸ್.ಇ. ರಕ್ತವನ್ನು ಸೇರುತ್ತವೆ. ಕೃತಕ ಉಸಿರಾಟದ ಯಂತ್ರಕ್ಕೆ ಒಳಪಟ್ಟು, ನಿದ್ರೆಯ ಔಷಧದಲ್ಲಿ ಮಲಗಿದ ರೋಗಿಯನ್ನು ಮಾತನಾಡಿಸಿ ನೋಡುವಂತಿಲ್ಲ. ಆದುದರಿಂದಲೇ ಸಂಶೋಧಕರು ಇವುಗಳ ಬೆನ್ನು ಹತ್ತಿದ್ದು. ಆದರೆ ಎಸ್100ಬಿ ಕೊಬ್ಬಿನ ಅಂಗಾಂಶದಿಂದಲೂ ಬರುತ್ತದೆ. ಎನ್.ಎಸ್.ಇ. ಕೆಂಪು ರಕ್ತಕಣಗಳಲ್ಲಿಯೂ ಇರುವುದರಿಂದ, ತೆಗೆದ ರಕ್ತದಲ್ಲಿ ಕಣಗಳು ಒಡೆದರೆ ಸುಳ್ಳುಸುಳ್ಳೇ ಏರಿಬಿಡುತ್ತದೆ. ಈಚೆಗೆ ನ್ಯೂರೋಫಿಲಮೆಂಟ್ ಎಂಬ ಮತ್ತೊಂದರ ಪರಿಶೀಲನೆ ನಡೆದಿದೆ. ಅದು ಕೈಕಾಲುಗಳ ನರ ಘಾಸಿಗೊಂಡರೂ ಹೆಚ್ಚುವುದು. ಹೀಗಾಗಿ, ಸೆಪ್ಸಿಸ್ ರೋಗಿಯ ಮಿದುಳಿಗೆ ಪೆಟ್ಟಾಗಿದೆಯೆಂದು ತಾನೊಂದೇ ಖಚಿತಪಡಿಸಬಲ್ಲ ರಕ್ತಪರೀಕ್ಷೆ ಇಂದಿಗೂ ಇಲ್ಲ.

2016ರ ಅಂತರರಾಷ್ಟ್ರೀಯ ವ್ಯಾಖ್ಯೆ ಹಾಸಿಗೆಯ ಪಕ್ಕದಲ್ಲೇ ನೋಡಬಹುದಾದ ಮೂರು ಚಿಹ್ನೆಗಳನ್ನು ಹೇಳಿತು: ನಿಮಿಷಕ್ಕೆ 22 ಅಥವಾ ಹೆಚ್ಚು ಉಸಿರು, 100 ಅಥವಾ ಅದಕ್ಕಿಂತ ಕೆಳಗಿನ ಮೇಲ್ಮಟ್ಟದ ರಕ್ತದೊತ್ತಡ, ಬದಲಾದ ಪ್ರಜ್ಞೆ. ಇವಿಷ್ಟನ್ನೇ ನೆಚ್ಚಬಾರದೆಂದು 2021ರ ಚಿಕಿತ್ಸಾ ಮಾರ್ಗಸೂಚಿ ಎಚ್ಚರಿಸಿದೆ. ಅದಿರಲಿ, ಮೂರನೆಯದನ್ನು ಅಳೆಯುವವರಾರು? ಮುಂಬಯಿಯಲ್ಲೋ ಚೆನ್ನೈಯಲ್ಲೋ ಮಗನ ಮನೆಗೆ ಬಂದಿರುವ, ಕನ್ನಡವನ್ನಷ್ಟೇ ಬಲ್ಲ ಅಜ್ಜಿಯ ಮಾತು ಎಂದಿನದೋ ಹಳಿತಪ್ಪಿದ್ದೋ ಎಂಬುದು ಅಲ್ಲಿಯ ದಾದಿಯರಿಗೆ ಹೇಗೆ ತಿಳಿಯಬೇಕು? ವೃದ್ಧರಲ್ಲಿ ಕೆಲವೊಮ್ಮೆ ಜ್ವರವೂ ಕಾಣದು. ನಿನ್ನೆಯವರೆಗೆ ಹೇಗಿದ್ದರು, ಮಂಕು ಯಾವ ಹೊತ್ತಿಗೆ ಆರಂಭವಾಯಿತು, ಮೂತ್ರ ಕಡಿಮೆಯಾಗಿದೆಯೇ ಎಂಬ ವಿವರಗಳನ್ನು ದಾಖಲಾತಿಯ ಸಮಯದಲ್ಲಿಯೇ ಮನೆಯವರು ವೈದ್ಯರಿಗೆ ತಿಳಿಸಬೇಕು.