ಬಿಚ್ಚಿ ಕಟ್ಟಲೆಂದೇ ಮಾಡಿದ ಗೇರ್‌ಬಾಕ್ಸ್

ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಒಂದು ಕಾಲಕ್ಕೆ ಕಬ್ಬಿಣದ ಕೆಲಸಕ್ಕೆ ಹೆಸರಾದ ಊರು. ಆಲಿವರ್ ನೇಗಿಲುಗಳು ಹೊರಟಿದ್ದು ಅಲ್ಲಿಂದ, ಸ್ಟುಡ್‌ಬೇಕರ್ ಕಾರುಗಳೂ ಅಲ್ಲಿಯವೇ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅದೇ ಊರಿನ ಎಲ್ಮರ್ ಪಾಂಡ್ ಮನೆಯ ಗ್ಯಾರೇಜಿನಲ್ಲಿ ಕೈತೋಟಕ್ಕೆ ಸಾಕಾಗುವಂಥ ಪುಟ್ಟ ಟ್ರ್ಯಾಕ್ಟರ್ ಕಟ್ಟಲು ಶುರು ಮಾಡಿದರು. ಮಗ ಸೆಸಿಲ್ ಪಾಂಡ್ ಅದನ್ನು ದೊಡ್ಡ ಕಂಪನಿಯಾಗಿ ಬೆಳೆಸಿದರು. ಕೆಂಪು ಬಣ್ಣದ ಆ 'ವೀಲ್ ಹಾರ್ಸ್' ಟ್ರ್ಯಾಕ್ಟರುಗಳು ಹುಲ್ಲು ಕತ್ತರಿಸಿದವು, ಹಿಮ ಬಾಚಿದವು, ಮನೆ ಹಿಂದಿನ ತರಕಾರಿ ಮಡಿಗಳನ್ನು ಉತ್ತವು. ಕಂಪನಿ 1974ರಲ್ಲಿ ಅಮೆರಿಕನ್ ಮೋಟಾರ್ಸ್ ಕೈಗೆ, 1986ರಲ್ಲಿ ಟೊರೊ ಕೈಗೆ ಹೋಯಿತು. ಹೊಸ ಯಂತ್ರಗಳ ಮೇಲೆ ಈಗ ಆ ಹೆಸರಿಲ್ಲ. ಆದರೆ ಅರವತ್ತರ ದಶಕದ ವೀಲ್ ಹಾರ್ಸ್‌ಗಳು ಇವತ್ತಿಗೂ ಕೆಲಸ ಮಾಡುತ್ತಿವೆ, ಅವನ್ನು ಬಿಚ್ಚಿ ಸರಿಮಾಡುವವರೂ ಇದ್ದಾರೆ.

ಈ ದೀರ್ಘಾಯುಷ್ಯದ ಗುಟ್ಟು ಎಂಜಿನ್‌ನಲ್ಲಿಲ್ಲ. ಎಂಜಿನ್ ಹೋದರೆ ಇನ್ನೊಂದನ್ನು ಕೂರಿಸಬಹುದು. ಗಾಡಿ ಉಳಿದಿರುವುದು ಸೀಟಿನ ಕೆಳಗಿರುವ ಎರಕದ ಕಬ್ಬಿಣದ ಪೆಟ್ಟಿಗೆಯಿಂದ. 1958ರ ಮಾಡೆಲ್‌ನಲ್ಲಿ ಕಂಪನಿ 'ಯೂನಿ-ಡ್ರೈವ್' ಎಂಬ ವ್ಯವಸ್ಥೆ ತಂದು ಗೇರುಗಳು, ಡಿಫರೆನ್ಷಿಯಲ್, ಹಿಂದಿನ ಎಕ್ಸೆಲ್ ಮೂರನ್ನೂ ಒಂದೇ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿಸಿಟ್ಟಿತು. ಎಂಜಿನ್‌ನಿಂದ ಒಂದು ಬೆಲ್ಟ್ ಬಂದು ಪುಲಿ ತಿರುಗಿಸಿದರೆ ಉಳಿದದ್ದೆಲ್ಲ ಒಳಗೇ ನಡೆಯುತ್ತದೆ. ಮೊದಲು ಮುಂದಕ್ಕೆ ಮೂರು, ಹಿಂದಕ್ಕೆ ಒಂದು ಗೇರ್ ಇದ್ದವು. ಮುಂದೆ ಹೈ-ಲೋ ಲಿವರ್ ಸೇರಿದ ಪೆಟ್ಟಿಗೆಯಲ್ಲಿ ಅದು ಆರು ಮತ್ತು ಎರಡಾಯಿತು. ಇವತ್ತಿನ ಅನೇಕ ಅಗ್ಗದ ಲಾನ್ ಟ್ರ್ಯಾಕ್ಟರುಗಳ ಗೇರ್‌ಬಾಕ್ಸ್ ಕೆಟ್ಟರೆ ಇಡೀ ಪೆಟ್ಟಿಗೆಯನ್ನೇ ಎಸೆಯಬೇಕು. ಇದು ಹಾಗಲ್ಲ. ಸುತ್ತಲಿನ ಬೋಲ್ಟು ಬಿಚ್ಚಿದರೆ ಎರಡು ಹೋಳಾಗಿ ತೆರೆದುಕೊಳ್ಳುತ್ತದೆ. ಮಾಡಿದವರು ಮುಂದೊಂದು ದಿನ ರಿಪೇರಿ ಮಾಡುವವನನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಮಾಡಿದ್ದಾರೆ. ಅದಕ್ಕೇ ನನಗೆ ಈ ಪೆಟ್ಟಿಗೆಯ ಮೇಲೆ ಗೌರವ.

ಕೆಲಸ ಬಲ್ಲವರು ಮೊದಲು ನೋಡುವುದು ಎಣ್ಣೆಯನ್ನು. ಅಡಿಯ ಡ್ರೈನ್ ಪ್ಲಗ್ ಬಿಚ್ಚಿದಾಗ ಎಣ್ಣೆ ಕಪ್ಪಗೆ, ಮಂದವಾಗಿ ಇಳಿದರೆ ಗಾಬರಿಯಿಲ್ಲ. ಹಾಲು ಹಾಕಿದ ಕಾಫಿಯಂತೆ ಇಳಿದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ಗೇರ್ ಲಿವರ್ ಒಳಗಿಳಿಯುವ ಜಾಗದ ರಬ್ಬರ್ ಟೋಪಿ ಬಿರುಕು ಬಿಟ್ಟಿರುತ್ತದೆ. ಗಾಡಿ ವರ್ಷಗಟ್ಟಲೆ ಮಳೆಯಲ್ಲಿ, ಹಿಮದಲ್ಲಿ ನಿಂತಿರುತ್ತದೆ. ಲಿವರ್ ಗುಂಟ ಹನಿಹನಿಯಾಗಿ ಇಳಿದ ನೀರು ತಳದಲ್ಲಿ ನಿಂತು ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತದೆ, ಕಡುಚಳಿಯಲ್ಲಿ ಹೆಪ್ಪುಗಟ್ಟಿ ಗೇರುಗಳನ್ನೇ ಬಿಗಿದುಬಿಡುತ್ತದೆ. ನಮ್ಮ ಗದ್ದೆ ಸೀಮೆಯ ಟಿಲ್ಲರ್ ಮೆಕ್ಯಾನಿಕ್‌ಗಳಿಗೂ ಎಣ್ಣೆಯ ಈ ಹಾಲು-ಕಾಫಿ ಬಣ್ಣ ಗೊತ್ತು. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ತಂತ್ರಜ್ಞಾನದಲ್ಲಿ ಪವರ್ ಟಿಲ್ಲರ್ ತಯಾರಿಸತೊಡಗಿದ ಮೇಲೆ ಭತ್ತದ ಕೆಸರಿಗಿಳಿದ ಯಂತ್ರಗಳ ಸೀಲ್ ಸವೆದು ನೀರು ಒಳಹೋಗುವುದು ಇಲ್ಲಿಯೂ ಮಾಮೂಲಿ ರಿಪೇರಿಯಾಯಿತು.

ನೀರು ಸೇರಿದ್ದಷ್ಟೇ ಆದರೆ ಪೆಟ್ಟಿಗೆ ತೆರೆಯುವ ಅಗತ್ಯವೇ ಬೀಳದಿರಬಹುದು. ಸೀಮೆಎಣ್ಣೆ ಅಥವಾ ಡೀಸೆಲ್ ಸುರಿದು, ಹಿಂದಿನ ಚಕ್ರ ಎತ್ತಿ ಕೈಯಲ್ಲೇ ತಿರುಗಿಸಿ, ಚೆಲ್ಲಿ, ಮತ್ತೆ ಸುರಿಯಬೇಕು. ಕೆಳಗೆ ಬರುವುದು ತಿಳಿಯಾಗುವವರೆಗೆ ಇದೇ ಕೆಲಸ. ಆಮೇಲೆ ಹೊಸ ರಬ್ಬರ್ ಟೋಪಿ, ಸುಮಾರು ಎರಡು ಲೀಟರ್ 90 ಗ್ರೇಡಿನ ಗೇರ್ ಆಯಿಲ್. ಪ್ಲಗ್‌ಗೆ ಅಂಟಿದ ಕೆಸರನ್ನು ಬೆರಳಲ್ಲಿ ತಿಕ್ಕಿ ನೋಡುವುದನ್ನು ಮಾತ್ರ ಬಿಡಬಾರದು. ನುಣ್ಣನೆಯ ಬೂದಿಬಣ್ಣದ ಪುಡಿ ಅರ್ಧ ಶತಮಾನದ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಮುರಿದಿದೆ, ತೆರೆಯಲೇಬೇಕು.

ತೆರೆಯಬೇಕೆಂದರೆ ಮೊದಲು ಚಕ್ರದ ಹಬ್ ಕಳಚಬೇಕು. ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದೇ. ಎಕ್ಸೆಲ್ ತುದಿಯಲ್ಲಿ ಹಬ್ ನಿಂತಿರುವುದು ಅರ್ಧಚಂದ್ರಾಕಾರದ ಒಂದು ಕೀ ಮತ್ತು ಚೌಕತಲೆಯ ಸೆಟ್ ಸ್ಕ್ರೂ ಬಲದ ಮೇಲೆ. ಐವತ್ತು ವರ್ಷದ ತುಕ್ಕು ಹಬ್ಬನ್ನೂ ಎಕ್ಸೆಲ್ಲನ್ನೂ ಒಂದೇ ಕಬ್ಬಿಣ ಮಾಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ದಿನಾ ಸ್ವಲ್ಪ ಬಿಡುತ್ತಾರೆ, ಪುಲ್ಲರ್ ಹಾಕಿ ಬಿಗಿ ಮಾಡಿ ಬಿಡುತ್ತಾರೆ, ಹಬ್ಬಿಗೆ ಬೆಂಕಿಯ ಶಾಖ ಕೊಡುತ್ತಾರೆ, ಮರುದಿನ ಪುಲ್ಲರನ್ನು ಇನ್ನೊಂದು ಕಾಲು ಸುತ್ತು ತಿರುಗಿಸುತ್ತಾರೆ. ಒಂದು ಗಳಿಗೆಯಲ್ಲಿ ಟಪ್ಪೆಂದು ಬಿಡುತ್ತದೆ. ಅವಸರ ಪಟ್ಟು ಎಕ್ಸೆಲ್ ತುದಿಗೆ ದೊಡ್ಡ ಸುತ್ತಿಗೆಯಿಂದ ಬಡಿದರೆ ಆ ಏಟು ನೇರ ಡಿಫರೆನ್ಷಿಯಲ್‌ಗೆ ಹೋಗುತ್ತದೆ, ಕೆಡದೇ ಇದ್ದದ್ದೂ ಕೆಡುತ್ತದೆ. ಸೆಟ್ ಸ್ಕ್ರೂ ಸಡಿಲವಾದ ಗಾಡಿಯನ್ನು ಹಾಗೆಯೇ ಓಡಿಸುವುದು ಇನ್ನೂ ಕೆಟ್ಟದ್ದು. ಹಬ್ ಅಲುಗಾಡಿ, ಕೀ ಕತ್ತರಿಸಿ, ಅದು ಕೂರುವ ಕಚ್ಚೇ ಅಗಲವಾಗಿ, ಕೊನೆಗೆ ಒಳ್ಳೆಯ ಎಕ್ಸೆಲ್ ಗುಜರಿ ಪಾಲಾಗುತ್ತದೆ. ಒಂದು ಪಾನಾ ಹಿಡಿದು ಆಗಾಗ ಬಿಗಿ ಮಾಡಿದ್ದರೆ ಇದೆಲ್ಲ ತಪ್ಪುತ್ತಿತ್ತು.

ಹಬ್, ಬ್ರೇಕ್ ಡ್ರಮ್, ಪುಲಿ, ಗೇರ್ ಲಿವರ್ ಹೊರಬಂದ ಮೇಲೆ ಪೆಟ್ಟಿಗೆಯನ್ನು ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿ ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಮೇಲಿನ ಹೋಳನ್ನು ಎತ್ತುತ್ತಾರೆ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ತಪ್ಪು. ಗೀರು ಬಿದ್ದ ಜಾಗದಿಂದ ಮುಂದೆ ಎಣ್ಣೆ ಸೋರುತ್ತಲೇ ಇರುತ್ತದೆ. ಒಳಗೆ ಗೇರುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿರುವುದನ್ನು ಮೊದಲ ಸಲ ನೋಡುವುದು ನಿಜಕ್ಕೂ ಸಂತೋಷ. ಬಲ್ಲವರು ಆಗ ಏನನ್ನೂ ಮುಟ್ಟುವುದಿಲ್ಲ. ಫೋಟೊ ತೆಗೆದುಕೊಂಡು, ಶಿಫ್ಟ್ ಫೋರ್ಕಿನ ಸರಳುಗಳನ್ನು ಕೈಯಡ್ಡ ಹಿಡಿದೇ ಎಳೆಯುತ್ತಾರೆ. ಸರಳನ್ನು ಗೇರಿನಲ್ಲಿ ಹಿಡಿದಿಡುವ ಪುಟ್ಟ ಉಕ್ಕಿನ ಗುಂಡು ಸ್ಪ್ರಿಂಗ್ ಸಮೇತ ಹಾರಿ ಮೂಲೆ ಸೇರಿದರೆ ದಿನವೆಲ್ಲ ಹುಡುಕಾಟವೇ.

ಗೇರಿನ ಹಲ್ಲುಗಳ ಅಂಚು ಉರುಟಾಗಿದ್ದರೆ ಹಿಂದಿನ ಚಾಲಕ ಗಾಡಿ ಓಡುತ್ತಿರುವಾಗಲೇ ಗೇರ್ ಬದಲಿಸುತ್ತಿದ್ದ ಎಂದು ತಿಳಿಯಬಹುದು. ಇದರಲ್ಲಿ ಕಾರಿನಂತೆ ಸಿಂಕ್ರೊಮೆಶ್ ಇಲ್ಲ. ಪೂರ್ತಿ ನಿಲ್ಲಿಸಿಯೇ ಗೇರ್ ಹಾಕಬೇಕು. ಆದರೆ ಎಲ್ಲ ತಪ್ಪೂ ಚಾಲಕನದಲ್ಲ. ಕ್ಲಚ್ ಎಂದರೆ ಇಲ್ಲಿ ಬೆಲ್ಟ್ ಸಡಿಲಗೊಳ್ಳುವುದು, ಅಷ್ಟೇ. ಪುಲಿ ಬಳಿ ಬೆಲ್ಟನ್ನು ತಡೆದು ನಿಲ್ಲಿಸುವ ಕಂಬಿಗಳು ಸೊಟ್ಟಗಾಗಿದ್ದರೆ ಪೆಡಲ್ ಒತ್ತಿದರೂ ಬೆಲ್ಟ್ ಪುಲಿಯನ್ನು ಉಜ್ಜುತ್ತಲೇ ಇರುತ್ತದೆ, ಗೇರ್ ಕರಕರ ಅನ್ನುತ್ತದೆ. ಗೇರ್‌ಬಾಕ್ಸ್ ಹೋಗಿದೆ ಎಂದುಕೊಂಡ ಎಷ್ಟೋ ಗಾಡಿಗಳು ಈ ಕಂಬಿ ನೆಟ್ಟಗೆ ಮಾಡಿದ್ದರಿಂದಲೇ ಸರಿಹೋಗುತ್ತವೆ. ಪೆಟ್ಟಿಗೆ ಬಿಚ್ಚುವ ಮೊದಲು ಇದನ್ನು ನೋಡಲೇಬೇಕು.

ಬಿಡಿಭಾಗಗಳ ಕಷ್ಟ ಅಷ್ಟೇನಿಲ್ಲ. ಬೇರಿಂಗು, ಸೀಲುಗಳ ಮೇಲೆ ನಂಬರ್ ಇರುತ್ತದೆ, ಆ ನಂಬರ್ ಹಿಡಿದು ಬೇರಿಂಗ್ ಅಂಗಡಿಯಲ್ಲಿ ಕೇಳಬಹುದು. ಗೇರುಗಳನ್ನು ಮಾತ್ರ ಎಂಜಿನ್ ಸುಟ್ಟ, ಫ್ರೇಮ್ ಮುರಿದ ಇನ್ನೊಂದು ವೀಲ್ ಹಾರ್ಸ್‌ನಿಂದ ತೆಗೆಯಬೇಕು. ಅಂಥದ್ದನ್ನು ಹುಡುಕುವವರಿಗೆ ಪೆನ್ಸಿಲ್ವೇನಿಯಾದ ಆರೆಂಟ್ಸ್‌ವಿಲ್‌ನಲ್ಲಿ ಬೇಸಿಗೆಯಲ್ಲಿ ಈ ಟ್ರ್ಯಾಕ್ಟರ್ ಪ್ರಿಯರು ಸೇರುವ ಮೇಳವೇ ಇದೆ.

ಎರಡೂ ಹೋಳಿನ ಅಂಚು ಒರೆಸಿ, ಹೊಸ ಪ್ಯಾಕಿಂಗ್ ಇಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಪ್ರತಿ ಬೋಲ್ಟ್ ಬಿಗಿದಾಗಲೂ ಪುಲಿಯ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡುವುದು ಒಳ್ಳೆಯ ಅಭ್ಯಾಸ. ಎಲ್ಲಿ ಬಿಗಿಯಾಯಿತೋ ಅಲ್ಲೇ ನಿಲ್ಲಿಸಿ ಮತ್ತೆ ತೆರೆಯಬೇಕು, ಬಲವಂತ ಮಾಡಬಾರದು. ಬೆಲ್ಟ್ ಹಾಕುವ ಮುನ್ನವೇ ಒಂದೊಂದು ಗೇರಿಗೂ ಹಾಕಿ ಎರಡೂ ಚಕ್ರ ತಿರುಗುವುದನ್ನು ನೋಡಿಕೊಳ್ಳುತ್ತಾರೆ. ಕೆಲವು ಗಂಟೆ ದುಡಿದ ಮೇಲೆ ಮೊದಲ ಎಣ್ಣೆ ಚೆಲ್ಲಿ ಹೊಸದು ಹಾಕಬೇಕು, ಹಬ್ಬಿನ ಸೆಟ್ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು.