ಅಮ್ಮನ ಅಳತೆಗೆ ಕಟ್ಟಿದ ಮನೆ

ಭಾನುವಾರ ಬಂತೆಂದರೆ ಸಾಮಾನ್ಯವಾಗಿ ಗಂಡಸರು ಪೇಪರ್ ಹಿಡಿದು ಜಗಲಿಯ ಮೇಲೆ ಕೂರುತ್ತಾರೆ, ಒಂದು ಗಂಟೆಯೊಳಗೆ ಎರಡನೇ ಕಾಫಿ ಕೇಳುತ್ತಾರೆ. ನಿಮ್ಮ ಮನೆಯಲ್ಲೂ ಹೀಗೇ ತಾನೇ? ನಮ್ಮ ತಂದೆ ಮಾತ್ರ ಆ ಗುಂಪಿಗೆ ಸೇರಿದವರಲ್ಲ. ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆಯ ಮೇಷ್ಟರಾಗಿದ್ದ ಅವರಿಗೆ ಭಾನುವಾರವೆಂದರೆ ಹಳೇ ಪಂಚೆಯನ್ನು ಮೇಲೆತ್ತಿ ಕಟ್ಟಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಉಳಿ, ಸುತ್ತಿಗೆ, ಕರಣೆಗಳ ಗೋಣಿಚೀಲ ಬಿಚ್ಚುವ ದಿನ. ತಂದೆಯನ್ನು ‘ಅಣ್ಣ’ ಅನ್ನೋದು ನಮ್ಮ ಮನೆಯ ವಾಡಿಕೆ; ಇಲ್ಲೂ ಹಾಗೇ ಬರೆಯುತ್ತೇನೆ. ಅಣ್ಣ ತೀರಿಕೊಂಡು ಬರುವ ಕಾರ್ತಿಕಕ್ಕೆ ಎರಡು ವರ್ಷ.

‘ಮೇಷ್ಟ್ರಿಗೆ ಮನೆ ರಿಪೇರಿ ಹುಚ್ಚು’ ಎಂದು ಊರಲ್ಲಿ ನಗುತ್ತಿದ್ದರು. ಕೂಲಿ ಉಳಿಸೋದಕ್ಕೆ ಮಾಡ್ತಾರೆ ಅಂತಲೂ ಅನ್ನುತ್ತಿದ್ದರು. ಅದೂ ಸ್ವಲ್ಪ ನಿಜವೇ; ಆ ಸಂಬಳದಲ್ಲಿ ಅಜ್ಜಿಯೂ ಸೇರಿ ಐದು ಜನ ಉಣ್ಣಬೇಕಿತ್ತು. ಆದರೆ ಅವರು ಮಾಡಿದ ಒಂದೊಂದು ಕೆಲಸವನ್ನೂ ಈಗ ಕೂತು ನೆನೆದರೆ, ಅದರ ಹಿಂದೆ ಅಮ್ಮನ ಯಾವುದೋ ಒಂದು ನೋವು ಕಾಣುತ್ತದೆ.

ಮೊದಲನೆಯದು ಒಲೆ. ನಾನಾಗ ಎರಡನೇ ಕ್ಲಾಸು, ಅಂದರೆ 1986 ಇರಬೇಕು. ಅಮ್ಮನಿಗೆ ಬೆಳಗಿನ ಜಾವದ ಕೆಮ್ಮು. ಎಡೆಮಟ್ಟೆ, ತೆಂಗಿನ ಗರಿ, ಕರಟ ಉರಿಸುವ ಅಡುಗೆಮನೆಯಲ್ಲಿ ಹೊಗೆ ಹೆಂಚಿನ ಸಂದಿಯಿಂದಲೇ ಹೊರಗೆ ಹೋಗಬೇಕು. ಎಲ್ಲರ ಮನೆಯಲ್ಲೂ ಹಾಗೇ, ಹೆಂಗಸರು ಕೆಮ್ಮೋದೂ ಹಾಗೇ, ಅದನ್ನು ಯಾರೂ ಕಾಯಿಲೆ ಅಂತ ಎಣಿಸುತ್ತಿರಲಿಲ್ಲ. ಬೀಡಿ ಸಿಗರೇಟು ಮುಟ್ಟದ ಹೆಂಗಸರ ಶ್ವಾಸಕೋಶವೂ ಸೌದೆ ಹೊಗೆಯಿಂದ ಕೆಡುತ್ತದೆಂದು ಈಗ ಡಾಕ್ಟರುಗಳೆಲ್ಲ ಹೇಳುತ್ತಾರೆ. ಅಣ್ಣನಿಗೆ ಅಷ್ಟೆಲ್ಲ ಗೊತ್ತಿರಲಿಲ್ಲ. ಅಮ್ಮ ಕೆಮ್ಮಿದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳ ಉಪಯೋಗಕ್ಕೆಂದು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಗಿತ್ತು. ಅಲ್ಲಿ ರೂಪಿಸಿದ್ದೇ ಅಸ್ತ್ರ ಒಲೆ. ಮೇಲೆ ಸಾಲಾಗಿ ಮೂರು ಪಾತ್ರೆ ಇಡುವ ಬಾಯಿ, ಒಳಗೆ ಕಬ್ಬಿಣದ ಜಾಲರಿ, ಕೊನೆಗೆ ಚಾವಣಿಯಾಚೆ ಹೋಗುವ ಹೊಗೆಕೊಳವೆ. ಮೊದಲ ಪಾತ್ರೆಗೆ ತಾಗಿದ ಬೆಂಕಿಯ ಕಾವು ಹಿಂದಿನ ಎರಡಕ್ಕೂ ತಾಗಿಕೊಂಡು ಹೋಗುತ್ತದೆ. ಯಾರದೋ ಮನೆಯಲ್ಲಿ ಕಟ್ಟಿದ್ದಾರೆಂದು ಕೇಳಿ, ಅಣ್ಣ ಸೈಕಲ್ಲಿನಲ್ಲಿ ಹೋಗಿ ನೋಡಿ, ಗೀಚಿಕೊಂಡು ಬಂದರು.

ಅಜ್ಜಿ ಒಪ್ಪಲಿಲ್ಲ. ಹೊಗೆಯಿಲ್ಲದಿದ್ದರೆ ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗೋದು ಹೇಗೆ, ತೊಲೆಗೆ ಹುಳ ಹತ್ತೋಲ್ವೇ ಅಂತ ಅವರ ವಾದ. ನಮ್ಮ ಸೀಮೆಯಲ್ಲಿ ಕೊಬ್ಬರಿಯೆಂದರೆ ವರ್ಷದ ದುಡ್ಡು. ಸುಲಿಯದ ಕಾಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಕಾಯಬೇಕು. ಅಜ್ಜಿಯ ಮಾತು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಅಣ್ಣ ಎದುರಾಡದೆ ಎರಡು ತಿಂಗಳ ಭಾನುವಾರಗಳನ್ನು ಖರ್ಚು ಮಾಡಿ ಹಿತ್ತಲಿನ ನೀರೊಲೆ ಮೇಲೆ ಬೇರೆ ಅಟ್ಟ ಕಟ್ಟಿ, ಕಾಯಿಗಳನ್ನೆಲ್ಲ ಅಲ್ಲಿಗೆ ಸಾಗಿಸಿದರು. ಆಮೇಲೆ ಒಲೆಗೆ ಕೈ ಹಾಕಿದರು.

ಮೊದಲ ಒಲೆ ಹೊಗೆಯನ್ನೆಲ್ಲ ಅಮ್ಮನ ಮುಖಕ್ಕೇ ಉಗುಳಿತು. ಒಡೆದರು. ಎರಡನೆಯದರಲ್ಲಿ ಮುಂದಿನ ಪಾತ್ರೆ ಸೀದರೂ ಹಿಂದಿನದು ಬೆಚ್ಚಗೂ ಆಗುತ್ತಿರಲಿಲ್ಲ. ಅದನ್ನೂ ಒಡೆದರು. ಅಮ್ಮ, “ಏನೂಂದ್ರೆ, ಸಾಕು ಬಿಡಿ, ಮೂರು ಕಲ್ಲಿಟ್ಟೇ ಬೇಯಿಸ್ತೀನಿ” ಅಂದಳು. “ಇನ್ನೊಂದು ಭಾನುವಾರ ಕೊಡೇ” ಅಂದರು ಅಣ್ಣ. ಮೂರನೆಯದಕ್ಕೆ ಅಮ್ಮನ ಪಾತ್ರೆಗಳನ್ನೇ ತಂದು ಹಸಿ ಮಣ್ಣಿನ ಮೇಲೆ ಕೂರಿಸಿ, ಸುತ್ತ ಸಂದಿಯಿರದಂತೆ ಬಾಯಿ ತಿದ್ದಿದರು. ಆ ಒಲೆ ಉರಿಯಿತು. ಸೌದೆಯನ್ನು ಸಣ್ಣಗೆ ಸೀಳಬೇಕು, ಕೊಳವೆಯ ಮಸಿ ಆಗಾಗ ಕೆಡವಬೇಕು. ಎರಡೂ ಕೆಲಸ ತನ್ನದೇ ಎಂದು ಅಣ್ಣ ಇಟ್ಟುಕೊಂಡರು. ಎಷ್ಟೋ ಸೋಮವಾರ ಕಿವಿ ಹಿಂದೆ ಮಸಿ ಇಟ್ಟುಕೊಂಡೇ ಶಾಲೆಗೆ ಹೋಗಿದ್ದಾರೆ. ಅಮ್ಮನ ಕೆಮ್ಮು ಪೂರ್ತಿ ಹೋಯಿತು ಅನ್ನಲಾರೆ. ಬೆಳಗಿನ ಜಾವದ್ದು ನಿಂತಿತು.

ಆಮೇಲಿನವನ್ನೆಲ್ಲ ಹೇಳುತ್ತಾ ಹೋದರೆ ಪುಟ ಸಾಲದು. ಬಟ್ಟೆ ಒಣಹಾಕುವ ಹಗ್ಗಕ್ಕೆ ರಾಟೆ, ರಾಗಿ ಡಬ್ಬಕ್ಕೆ ಚಕ್ರ. ಸೆಗಣಿ ಸಾರಿಸಿ ಸಾರಿಸಿ ಅಮ್ಮನ ಮಂಡಿ ಹಿಡಿದುಕೊಂಡಾಗ ಅಡುಗೆಮನೆಗೆ ಕೆಂಪು ಗಾರೆ ನೆಲ. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ರೆಡ್ ಆಕ್ಸೈಡ್ ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ, ಕೆಳಗಿನ ಗಾರೆ ಹಸಿಯಿರುವಾಗಲೇ ಮೇಲೆ ಎಳೆದು, ಕರಣೆಯಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಬೇಕು. ಮಧ್ಯೆ ಎದ್ದು ಹೋದರೆ ಕೂಡಿದ ಜಾಗ ಕಲೆಯಾಗಿ ಉಳಿಯುತ್ತದೆ. ಅಣ್ಣ ಅವತ್ತು ಊಟಕ್ಕೂ ಏಳಲಿಲ್ಲ. ವಾರವಿಡೀ ನೀರು ನಿಲ್ಲಿಸಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರು. ಇವತ್ತಿಗೂ ಆ ನೆಲದಲ್ಲಿ ಮುಖ ಕಾಣುತ್ತದೆ. (ಅವರು ಮಾಡಿದ್ದೆಲ್ಲ ಹೀಗೇ ನಿಂತಿತೆಂದು ತಿಳಿಯಬೇಡಿ. ಉಪ್ಪಿನಕಾಯಿ ಜಾಡಿಗಳಿಗೆಂದು ಮಾಡಿದ ಹಲಗೆ ಜಾಡಿಗಳ ಸಮೇತ ಕೆಳಗೆ ಬಂದಿತ್ತು.)

1994ರಲ್ಲಿ ಗ್ಯಾಸ್ ಬಂದಾಗ ನಿಂತು ಮಾಡುವ ಕಟ್ಟೆ ಬೇಕಾಯಿತು. 34 ಇಂಚು ಎಲ್ಲರ ಮನೆಯಲ್ಲೂ ಇಡೋದು ಎಂದರು ಮೇಸ್ತ್ರಿ. ನಮ್ಮಮ್ಮ ನಾಲ್ಕು ಅಡಿ ಒಂಬತ್ತು ಇಂಚು. ಅಣ್ಣ ಆಕೆಯನ್ನು ಗೋಡೆಗೆ ನಿಲ್ಲಿಸಿ, ಮೊಣಕೈ ಮಡಿಸಿಸಿ, ನೆಲದಿಂದ ಅಲ್ಲಿಗೆ ಅಳೆದು ಐದು ಇಂಚು ಕಳೆದರು. ಬಂದದ್ದು 31. ಅಷ್ಟಕ್ಕೇ ಕಟ್ಟಿಸಿದರು. ಆ ಲೆಕ್ಕವನ್ನು ನೀವೂ ಬರೆದಿಟ್ಟುಕೊಳ್ಳಿ. ಕಟ್ಟೆ ಎತ್ತರವಾದರೆ ಭುಜ ನೋಯುತ್ತದೆ, ತಗ್ಗಾದರೆ ಸೊಂಟ. ನಾನು ಐದು ಅಡಿ ಮೂರು ಇಂಚು. ತೌರಿಗೆ ಹೋಗಿ ಅಮ್ಮನ ಕಟ್ಟೆಯಲ್ಲಿ ಅರ್ಧ ಗಂಟೆ ಚಪಾತಿ ಲಟ್ಟಿಸಿದರೆ ನನ್ನ ಸೊಂಟ ಬಿದ್ದು ಹೋಗುತ್ತದೆ. ಅಮ್ಮ ನಮ್ಮನೆಗೆ ಬಂದರೆ ನನ್ನ ಕಟ್ಟೆಗೆ ಆಕೆಯ ಕೈ ಎಟುಕದು. ಅದಕ್ಕೆಂದೇ ಅಣ್ಣ ಹಲಸಿನ ಹಲಗೆಯದೊಂದು ಅಗಲವಾದ ಮಣೆ ಮಾಡಿ, ಜಾರದ ಹಾಗೆ ಕೆಳಗೆ ಸೈಕಲ್ ಟ್ಯೂಬ್ ಹೊಡೆದು, ನಮ್ಮನೆಯಲ್ಲಿ ತಂದಿಟ್ಟಿದ್ದರು.

ಅವರ ವೈಕುಂಠ ಸಮಾರಾಧನೆ ಮುಗಿದ ಮೇಲೆ ಗೋಣಿಚೀಲ ಬಿಚ್ಚಿದೆವು. ಉಳಿ, ರಸಮಟ್ಟ, ತೂಕದ ಗುಂಡಿನ ಜೊತೆ ಶಾಲೆಯ ಹಾಜರಿ ಪುಸ್ತಕದ ರಟ್ಟು ಹಾಕಿದ ಒಂದು ನೋಟುಬುಕ್ಕು. ಒಳಗೆ ಬರೀ ಅಳತೆ. ‘ಇವಳ ಮೊಣಕೈ 36. ಕೈ ಎತ್ತಿದರೆ 69. ಕೂತರೆ ಎಟುಕುವುದು 22.’ ಮೂವತ್ತು ವರ್ಷದ ಪುಟಗಳಲ್ಲಿ ಅಮ್ಮನ ಹೆಸರು ಒಂದು ಕಡೆಯೂ ಇಲ್ಲ, ಎಲ್ಲಾ ‘ಇವಳು’. ಕೊನೆಯ ಪುಟಗಳಲ್ಲಿ 69 ಹೊಡೆದು 66 ಮಾಡಿದ್ದಾರೆ. ವಯಸ್ಸಾಗಿ ಅಮ್ಮನ ಭುಜ ಮೇಲೇಳದೆ ಹೋದದ್ದನ್ನು ನಾವು ಮಕ್ಕಳು ಯಾರೂ ಗಮನಿಸಿರಲಿಲ್ಲ. ಆ ವರ್ಷವೇ ದೇವರ ಗೂಡನ್ನು ಕೆಳಗಿಳಿಸಿದ್ದರಂತೆ.

ಈಗ ತಮ್ಮ ಅಡುಗೆಮನೆ ಒಡೆದು ಹೊಸದು ಮಾಡಿಸುತ್ತಿದ್ದಾನೆ. ಗೋಡೆ ಬಿರುಕು ಬಿಟ್ಟಿದೆ, ಬೇರೆ ದಾರಿಯಿಲ್ಲ. ಕಟ್ಟೆಯನ್ನಾದರೂ 31ಕ್ಕೇ ಇಡಿಸು, ಅಣ್ಣ ಇಟ್ಟದ್ದು ಅಂತ ನಾನು ಫೋನಿನಲ್ಲಿ ಜಗಳವಾಡಿದೆ. ಅವನೂ ಒಪ್ಪಿದ್ದ. ಅಮ್ಮ ಒಪ್ಪಲಿಲ್ಲ. “ಇನ್ನು ಮೇಲೆ ಅಲ್ಲಿ ನಿಲ್ಲೋಳು ಯಾರು, ನಾನಾ?” ಅಂದಳಂತೆ. ಮೇಸ್ತ್ರಿ ಬಂದ ದಿನ ತಾನೇ ಅಣ್ಣನ ಟೇಪು ತಂದು, ಸೊಸೆಯನ್ನು ಗೋಡೆಗೆ ನಿಲ್ಲಿಸಿ, ಮೊಣಕೈ ಮಡಿಸಿಸಿ ಅಳೆದಳಂತೆ. 40 ಬಂತು. ಐದು ಕಳೆದು 35 ಎಂದು ಮೇಸ್ತ್ರಿಗೆ ಹೇಳಿ, ಅದೇ ನೋಟುಬುಕ್ಕಿನಲ್ಲಿ ಬರೆಸಿದಳಂತೆ.

ನನಗೂ ಫೋನ್ ಮಾಡಿದಳು, ಮುಂದಿನ ಸಲ ಬರುವಾಗ ಆ ಹಲಸಿನ ಮಣೆ ತಗೊಂಡು ಬಾ ಅಂತ.